ನೀಲಿ ಡ್ರಮ್ಮಿನ ಒಳಮೈ

ನಾನು ಒಂದು ನೀಲಿ ಡ್ರಮ್ಮು. ಹುಟ್ಟಿದ್ದು ಬಿಸಿ ಅಚ್ಚಿನೊಳಗೆ. ಮೈ ಆರಿದ ಕೂಡಲೇ ನನ್ನೊಳಗೆ ಕೀಟನಾಶಕ ತುಂಬಿದರು. ಎರಡು ವರ್ಷ ಹೊತ್ತೆ. ಬರಿದಾದ ಮೇಲೂ ಅದು ಪೂರ್ತಿ ಹೋಗಲಿಲ್ಲ. ನನ್ನ ಗೋಡೆಯೊಳಕ್ಕೆ ಇಳಿದು ಕೂತಿತ್ತು. ಗುಜರಿಯವನು ಚೀಟಿ ಕಿತ್ತು, ಸೋಪಿನಲ್ಲಿ ತೊಳೆದು, ಮೇಲ್ಭಾಗ ಕೊಯ್ದು, ಹುಬ್ಬಳ್ಳಿಯ ಒಂದು ಓಣಿಯಲ್ಲಿ ಮಾರಿದ.

ಅಲ್ಲಿ ಎಂಟು ದಿನಕ್ಕೊಮ್ಮೆ ನಳದಲ್ಲಿ ನೀರು ಬರುತ್ತಿತ್ತು. ನನ್ನನ್ನು ಕೊಂಡ ಮನೆಯ ಹಿರಿಯಳು ಶಾವಂತ್ರೆವ್ವ ಹುಣಸೆ, ಬೂದಿ ಹಾಕಿ ತಿಕ್ಕಿದಳು. ಅಡುಗೆಮನೆಯ ಬಾಗಿಲ ಪಕ್ಕ ನಿಲ್ಲಿಸಿ, ಕುಂಕುಮ ಹಚ್ಚಿ, "ಗಂಗವ್ವ, ನಮ್ಮನಿ ಕಾಯವ್ವ" ಎಂದು ಕೈಮುಗಿದಳು. ಅಂದಿನಿಂದ ನನಗೆ ಭಯ.

ಕುಡಿಯಲು ತಾಮ್ರದ ಕೊಡ ಬೇರೆಯಿತ್ತು. ನನ್ನ ನೀರು ಬಟ್ಟೆಗೆ, ಬಚ್ಚಲಿಗೆ. ಸೊಸೆ ದಾಕ್ಷಾಯಣಿ ಒಮ್ಮೊಮ್ಮೆ ನನ್ನೊಳಗೆ ಬಗ್ಗಿ ನಿಲ್ಲುತ್ತಿದ್ದಳು.

"ಅತ್ತಿ, ಏನೋ ನಾತ ಬರ್ತೈತ್ರಿ."

"ನಿನ್ ಮೂಗಿಗೆ ಮಲ್ಲಿಗಿನೂ ನಾತನ ಬಿಡ."

ಏಪ್ರಿಲ್‌ನಲ್ಲಿ ದೊಡ್ಡ ಪೈಪು ಒಡೆಯಿತು. ಹದಿನಾಲ್ಕು ದಿನ ನಳ ಬರಲಿಲ್ಲ. ಕೊಡ ಬರಿದಾದ ದಿನವೇ ದಾಕ್ಷಾಯಣಿಯ ಮಗಳು, ಮೂರು ವರ್ಷದ ಸಿಂಚನಾಳಿಗೆ ವಾಂತಿಭೇದಿ ಹಿಡಿಯಿತು. ಉಪ್ಪು ಸಕ್ಕರೆಯ ನೀರು ಕುಡಿಸಲೇಬೇಕು. ಮನೆಯಲ್ಲಿ ಉಳಿದದ್ದು ನನ್ನ ತಳದ ನೀರು ಮಾತ್ರ.

"ಗಳಗಳ ಕುದಿಸು. ಕುದ್ರ ಎಲ್ಲಾ ಸಾಯ್ತಾವ," ಎಂದಳು ಶಾವಂತ್ರೆವ್ವ.

ಹುಳ ಸಾಯುತ್ತವೆ. ವಿಷ ಸಾಯುವುದಿಲ್ಲ. ನನಗದು ಗೊತ್ತಿತ್ತು. ಅಷ್ಟಗಲ ಬಾಯಿದ್ದೂ ಮಾತಿರಲಿಲ್ಲ.

ಚಮಚ ಮಗುವಿನ ತುಟಿಯ ಹತ್ತಿರ ಬಂದಾಗ ದಾಕ್ಷಾಯಣಿಯ ಕೈ ನಿಂತಿತು. ಉಗಿಯಲ್ಲಿ ಅದೇ ವಾಸನೆ, ಈಗ ದಟ್ಟವಾಗಿ.

"ಒಲ್ಲೆ ಅತ್ತಿ."

"ಕೂಸು ಒಣಗಾಕತ್ತೈತಿ, ನಿಂದೇನ ಒಲ್ಲೆ? ತಾ ಇಲ್ಲೆ, ಮೊದಲ ನಾ ಕುಡೀತೀನಿ."

ಒಂದೇ ಗುಟುಕಿಗೆ ನಾಲಿಗೆ ಉರಿದು ಮುದುಕಿ ಉಗುಳಿದಳು. ಹರೆಯದಲ್ಲಿ ಕೂಲಿಗೆ ಹೋದ ಹೊಲಗಳು ನೆನಪಾಗಿರಬೇಕು. "ಇದು ಹತ್ತಿ ಹುಳಕ್ಕ ಹೊಡಿಯೋ ಎಣ್ಣಿ," ಎಂದಳು ಸಣ್ಣ ದನಿಯಲ್ಲಿ. ದಾಕ್ಷಾಯಣಿ ಆ ನೀರನ್ನು ಬಚ್ಚಲಿಗೆ ಚೆಲ್ಲಿ ಓಣಿಗೆ ಓಡಿದಳು. ಎದುರುಮನೆಯ ಮೆಹಬೂಬಿ ತನ್ನ ಕೊನೆಯ ತಂಬಿಗೆ ನೀರು ಕೊಟ್ಟಳು. ಮಗು ಉಳಿಯಿತು.

ನನ್ನನ್ನು ಮಾರಿಬಿಡು ಎಂದಳು ಅತ್ತೆ. "ಮಾರಿದ್ರ ಇನ್ನೊಬ್ಬರ ಕೂಸು ಕುಡೀತೈತ್ರಿ," ಎಂದ ದಾಕ್ಷಾಯಣಿ, ಕುಡುಗೋಲು ಕಾಸಿ ನನ್ನ ತಳಕ್ಕೆ ನಾಲ್ಕು ತೂತು ಕೊರೆದಳು. ನನಗೆ ಹಗುರವೆನಿಸಿತು.

ಈಗ ಹಿತ್ತಲಿನ ಮೂಲೆಯಲ್ಲಿ ಒಡೆದ ಹಂಚು ತುಂಬಿಕೊಂಡು ಕೂತಿದ್ದೇನೆ. ಹನಿ ನೀರನ್ನೂ ಹಿಡಿದಿಟ್ಟುಕೊಳ್ಳಲಾರದ ಈ ಮುಪ್ಪೇ ನನ್ನ ಬಾಳಿನ ಒಳ್ಳೆಯ ಕಾಲ.

ನಿನ್ನೆ ಓಣಿಗೆ ಹಳೆಯ ಡ್ರಮ್ಮು ಮಾರುವ ಗಾಡಿ ಬಂತು. ದಾಕ್ಷಾಯಣಿ ಬೀದಿಗಿಳಿದು ಕೂಗಿದಳು: "ಬ್ಯಾಡ್ರಿ, ಅದ್ರಾಗ ಎಣ್ಣಿ ತುಂಬಿದ್ರು!"

"ಕುದಿಸೇ ಕುಡೀತೀವಿ ಬಿಡ ಯಕ್ಕಾ," ಎಂದು ಯಾರೋ ನಕ್ಕರು.

ಗಾಡಿಯಲ್ಲಿ ಆರು ಡ್ರಮ್ಮುಗಳಿದ್ದವು. ಸಂಜೆಗೆ ಒಂದೂ ಉಳಿಯಲಿಲ್ಲ.