ಗೇಣು ಕುಗ್ಗಿದ ಪರದೆ

ದೇವೇಂದ್ರಪ್ಪನವರು ತಮ್ಮ ಜೀವಮಾನದಲ್ಲಿ ನಮ್ಮ ಅಮ್ಮನವರಿಗೆ ಒಂದೇ ಒಂದು ಉಪಕಾರ ಮಾಡಿದರು. ನಾರಾಯಣಪೇಟೆಯಲ್ಲಿ ಒಂದು ಪರದೆ ನೇಯಿಸಿ ತರಿಸಿದರು. ಉಪಕಾರ ಮಾಡುತ್ತಿದ್ದೇನೆ ಅಂತ ಅವರಿಗೆ ಗೊತ್ತಿರಲಿಲ್ಲ, ಪಾಪ. ಗೊತ್ತಿದ್ದರೆ ದಾರಿಯಲ್ಲೇ ಅದನ್ನು ಸುಡಿಸುತ್ತಿದ್ದರು.

ನಾನು ಹಣಮಮ್ಮ. ನಮ್ಮ ಅಮ್ಮನವರು ಅಂದರೆ ದೊರಸಾನಿ ವೀರಬಸಮ್ಮನವರು. ಅವರು ಉಟ್ಕೂರಿನಿಂದ ಕರಿಗುಡ್ಡದ ದೊರೆಗಳ ಮನೆಗೆ ಸೊಸೆಯಾಗಿ ಬಂದಾಗ ಅವರ ಜೊತೆಗೆ ಬಂದವಳು. ಅವರ ತಲೆ ಬಾಚುವವಳು, ಸೀರೆ ಉಡಿಸುವವಳು, ಬೈಸಿಕೊಳ್ಳುವವಳು, ಸಂದು ಸಿಕ್ಕರೆ ತಿರುಗಿ ಬೈಯುವವಳೂ ನಾನೇ. ಕರಿಗುಡ್ಡ ಅಂದರೆ ಮಾಗನೂರಿನ ಆಚೆ, ಕೃಷ್ಣಾ ಹೊಳೆಯ ದಂಡೆಯ ಪುಟ್ಟ ಸಂಸ್ಥಾನ. ಗದ್ವಾಲಿನವರ ವೈಭವದ ಮುಂದೆ ನಮ್ಮದು ಲೆಕ್ಕಕ್ಕಿಲ್ಲ. ಆದರೂ ನಮಗೊಂದು ಗಾದಿ ಇತ್ತು, ಒಂದು ನಗಾರಿ ಇತ್ತು, ಒಂದು ಗಂಡಪೆಂಡೇರ ಇತ್ತು.

ಗಂಡಪೆಂಡೇರ ಅಂದರೆ ಗಾದಿಯ ಮೇಲೆ ಕೂತವರು ಬಲಗಾಲಿಗೆ ತೊಡುವ ದಪ್ಪ ಬೆಳ್ಳಿಯ ಕಡಗ. ಅದರ ಹೊಟ್ಟೆಯಲ್ಲಿ ಹರಳು ತುಂಬಿದ್ದರು. ನಡೆದರೆ ಘಲ್ ಅನ್ನುತ್ತಿತ್ತು. ಆ ಸದ್ದು ಕಿವಿಗೆ ಬಿದ್ದರೆ ಕರಿಗುಡ್ಡದಲ್ಲಿ ಕೂತವರು ಏಳಬೇಕು, ಉಣ್ಣುವವರು ತುತ್ತು ಬಿಟ್ಟು ಏಳಬೇಕು, ಎದ್ದು ಕೈ ಮುಗಿಯಬೇಕು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಅವ್ವನ ಕಂಕುಳಲ್ಲಿ ಇದ್ದಾಗಲೇ ಅವ್ವ ಎದ್ದರೆ ಕೂಸೂ ಎದ್ದಂತೆ ಆಗುತ್ತಿತ್ತಲ್ಲ, ಹಾಗೆ ಬಂದದ್ದು.

ಏಳನೇ ನಿಜಾಮರು ಹೈದರಾಬಾದಿನಲ್ಲಿ ಗಾದಿಗೆ ಬಂದ ಹೊಸತರಲ್ಲಿ ನಮ್ಮ ದೊರೆಗಳು ತೀರಿಕೊಂಡರು. ಮಕ್ಕಳಿರಲಿಲ್ಲ. ದೊರೆಗಳು ಬಹಳ ದಿನ ಹಾಸಿಗೆ ಹಿಡಿದಿದ್ದರಿಂದ ಕೆರೆ ತೂಬು, ಹೊಳೆಯ ದೋಣಿಗಟ್ಟೆ, ರೈತರ ಜಗಳ ಎಲ್ಲವನ್ನೂ ಅಮ್ಮನವರೇ ನೋಡುತ್ತಿದ್ದರು. ಅದು ಊರಿಗೆಲ್ಲ ಗೊತ್ತಿತ್ತು. ದೊರೆಗಳ ದೊಡ್ಡಪ್ಪನ ಮಗ ದೇವೇಂದ್ರಪ್ಪನವರಿಗೂ ಗೊತ್ತಿತ್ತು. ಆದರೆ ಅವರಿಗೆ ಗಾದಿ ಬೇಕಿತ್ತು. ಯಾರು ಕೂಡಬೇಕು ಅಂತ ವಿಚಾರಿಸಿ ಹೈದರಾಬಾದಿಗೆ ತಿಳಿಸಲು ನಿಜಾಮರ ಜಿಲ್ಲಾ ಅಧಿಕಾರಿ ತಾಲೂಕ್ದಾರ ಸಾಹೇಬರು ಖುದ್ದಾಗಿ ಬರುತ್ತಾರೆ ಅಂತ ಸುದ್ದಿ ಬಂದದ್ದೇ ತಡ, ದೇವೇಂದ್ರಪ್ಪನವರು ಹಿರಿಯರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿದರು.

"ಈ ಮನಿ ಪದ್ಧತಿ ನಿಮಗ ಗೊತ್ತೈತಿ," ಅಂದರು. "ದೊರಿ ತೀರಿದ ವರ್ಷ ತುಂಬೂತನಾ ದೊರಸಾನಿ ಪರಗಂಡಸರಿಗೆ ಮಾರಿ ತೋರಸಬಾರದು, ದನಿ ಕೇಳಸಬಾರದು. ಆಕಿ ಪರದೆ ಹಿಂದ ಕೂಡ್ಲಿ. ಆಕಿ ಮಾತು ಸಾಹೇಬರಿಗೆ ನಾ ಹೇಳತೀನಿ."

ಹಿರಿಯರು ತಲೆಯಾಡಿಸಿದರು. ಪದ್ಧತಿ ಇದ್ದದ್ದು ನಿಜ. ಬಾಗಿಲ ಸಂದಿಯಲ್ಲಿ ನಿಂತು ಕೇಳಿದ ನನಗೆ ಮೈಯೆಲ್ಲ ಉರಿಯಿತು. ಆಕೆಯ ಮಾತು ಇವರ ಬಾಯಲ್ಲಿ ಏನಾಗಿ ಹೊರಬರುತ್ತದೆ ಅಂತ ತಿಳಿಯಲು ಜ್ಯೋತಿಷ್ಯ ಬೇಕೆ? ಗಾದಿ ಭಾವನವರಿಗೆ ಇರಲಿ, ನನಗೆ ಹಿತ್ತಲ ಕೋಣೆ ಸಾಕು ಅನ್ನುತ್ತಾಳೆ ಅಂತ ಹೇಳುತ್ತಾರೆ, ಅಷ್ಟೇ. ಅಮ್ಮನವರು ಪರದೆಯ ಹಿಂದಿನಿಂದ ಇಲ್ಲ ಅಂತ ಕೂಗಿದರೆ ಪದ್ಧತಿ ಮುರಿದ ಹೆಂಗಸು. ಸುಮ್ಮನಿದ್ದರೆ ಒಪ್ಪಿದ ಹೆಂಗಸು. ಎರಡೂ ಕಡೆ ಬಾಗಿಲು ಮುಚ್ಚಿದ್ದರು.

ಓಡಿಹೋಗಿ ಹೇಳಿದೆ. ಅಮ್ಮನವರು ಬಿಳಿ ಸೀರೆಯ ಸೆರಗು ಸರಿಮಾಡಿಕೊಂಡರು, ಅಷ್ಟೇ. ಕೈ ಬರಿದು, ಕೊರಳು ಬರಿದು. ಮೈಮೇಲೆ ಇದ್ದದ್ದು ಇಷ್ಟಲಿಂಗ ಇಟ್ಟುಕೊಳ್ಳುವ ಗುಂಡಗಡಿಗೆ ಒಂದೇ.

"ಬಾಯಿ ಬ್ಯಾಡ ಅಂದ್ರ ಬ್ಯಾಡ ಬಿಡು," ಅಂದರು. "ಬ್ಯಾರೆ ಏನರ ಮಾತಾಡ್ತೈತಿ."

ಏನು ಮಾತಾಡುತ್ತದೆ ಅಂತ ಅವರಿಗೂ ಆಗ ಗೊತ್ತಿರಲಿಲ್ಲ ಅಂತಲೇ ನನ್ನ ಅನುಮಾನ.

ಪರದೆ ಬಂತು. ದೇವೇಂದ್ರಪ್ಪನವರು ಅಂಗಳದ ಕಡೆಯ ಬಾಗಿಲನ್ನು ತಾವೇ ಅಳೆದು, ಹೊಸ್ತಿಲಿಗೆ ತಾಗುವಂತೆ, ಗಾಳಿಗೂ ಅಲುಗದಂತೆ ದಪ್ಪ ಹತ್ತಿ ನೂಲಲ್ಲಿ ನೇಯಿಸಿದ್ದರು. ಹೊತ್ತು ತಂದವಳು ನೇಕಾರರ ತಿರುಪತಮ್ಮ. ಗಂಟು ಇಳಿಸುತ್ತಾ ಅವಳು ಅಂದದ್ದು ಒಂದೇ ಮಾತು.

"ಹೊಸಾ ನೂಲಕ್ಕಾ, ನೀರಿಗೆ ಹಾಕೀರಿ ಜ್ವಾಕಿ. ಗೇಣು ಕುಗ್ಗತೈತಿ."

ಅದನ್ನು ಅಮ್ಮನವರಿಗೆ ಸುಮ್ಮನೆ ಸುದ್ದಿಯಂತೆ ಹೇಳಿದೆ. ಅವರು ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತಿದರು. ದೊರೆಗಳು ಹೋದಮೇಲೆ ಆ ಕಣ್ಣಲ್ಲಿ ಅಂಥ ಹೊಳಪು ನಾನು ನೋಡಿರಲಿಲ್ಲ.

"ಹಣಮಿ, ಗೇಣು ಅಂದ್ಲಾ?"

"ಹೂಂನ್ರಿ."

"ದೊಡ್ಡ ಹಂಡೆ ಒಲಿಮ್ಯಾಲ ಇಡು. ಪರದೆ ಅದರಾಗ ಕುದಿಸು."

ಕುದಿಸಿದೆ. ಹಿತ್ತಲಲ್ಲಿ ಒಣಹಾಕಿದ್ದನ್ನು ನೋಡಿ ದೇವೇಂದ್ರಪ್ಪನವರು ಹೌಹಾರಿದರು. ಯಾರು ಹೇಳಿದ್ದು ನಿನಗೆ ಅಂತ ನನ್ನ ಮೇಲೆ ಏರಿ ಬಂದರು. ನಾನು ಸೆರಗು ಹೊದ್ದು, ತಲೆ ತಗ್ಗಿಸಿ, ಜಗತ್ತಿನಲ್ಲೇ ದಡ್ಡಿ ಅನ್ನುವ ಹಾಗೆ ನಿಂತೆ.

"ನೀರು ತೋರಸದ ಅರಿವಿ, ಗಂಜಿ ಹಚ್ಚಿದ್ದು, ದೇವರ ಮನಿ ಎದುರು ಕಟ್ಟಾಕ ಬರತೈತೇನ್ರಿ ಯಪ್ಪಾ? ಪದ್ಧತಿ ಅಲ್ಲಲ್ರಿ."

ಪದ್ಧತಿ ಅಂದಕೂಡಲೇ ಏರಿ ಬಂದವರು ಹಿಂದೆ ಸರಿದರು. ಪರದೆ ಕಟ್ಟಿಸಿ ನೋಡಿದರು. ಕೆಳಗೆ ಗೇಣಿನಷ್ಟು ಬಯಲಾಗಿತ್ತು. ಇನ್ನೊಂದು ನೇಯಿಸಲು ಹೊತ್ತಿರಲಿಲ್ಲ, ಸಾಹೇಬರು ಆಗಲೇ ಮಕ್ತಲ್ ತಲುಪಿದ್ದರು. "ಇರ್ಲಿ ಬಿಡು, ನೆಲದ ಧೂಳು ಕಾಣತೈತಿ, ಮತ್ತೇನು," ಅಂತ ಹೊರಟುಹೋದರು.

ಮರುದಿನ ಬೆಳಿಗ್ಗೆ ಅಮ್ಮನವರು ನನ್ನನ್ನು ದೇವರ ಮನೆಗೆ ಕರೆದು ಕದ ಹಾಕಿದರು. ದಿಂಬಿನ ಮೇಲೆ, ರೇಷ್ಮೆ ವಸ್ತ್ರದ ಕೆಳಗೆ ಪೆಂಡೇರ ಇತ್ತು. ಅವರು ವಸ್ತ್ರ ತೆಗೆದು, ಪೆಂಡೇರವನ್ನು ಅಲುಗದಂತೆ ಎತ್ತಿ, ಬಲಗಾಲು ಮುಂದಿಟ್ಟರು.

"ಅಮ್ಮಾರೆ, ಅದರ ಹೆಸರಿನ್ಯಾಗ 'ಗಂಡ' ಐತೆಲ್ರಿ."

"ಗಂಡ ಅಂದ್ರ ಕಟ್ಟಿಕೊಂಡವ ಒಬ್ಬನs ಏನು? ಗಟ್ಟಿ ಇದ್ದವರಿಗೂ ಹಂಗs ಅಂತಿದ್ರು ಹಿಂದಿನವರು. ಹಾಕು."

ಹಾಕಿದೆ. ಗಂಡಸರ ಕಾಲಿಗೆ ಮಾಡಿದ್ದು, ಜಾರಿ ಹಿಮ್ಮಡಿಗೆ ಇಳಿಯಿತು. ಸುತ್ತಲು ಅರಿವೆ ಹುಡುಕಿದೆ. ಅಮ್ಮನವರು ಪೆಟ್ಟಿಗೆಯ ತಳದಿಂದ ತಮ್ಮ ಧಾರೆ ಸೀರೆ ತೆಗೆದರು. ನಾರಾಯಣಪೇಟೆಯದೇ, ಕೆಂಪು ಅಂಚಿನದು. ಇನ್ನು ಉಡುವಂತಿರಲಿಲ್ಲ. ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ ಅಂತ ಹರಿದರು. ನನ್ನ ಕಣ್ಣಲ್ಲಿ ನೀರು ಬಂತು, ಅವರ ಕಣ್ಣಲ್ಲಿ ಬರಲಿಲ್ಲ. ಕೆಂಪು ಪಟ್ಟಿಯನ್ನು ಕಾಲಿಗೆ ಸುತ್ತಿ ಅದರ ಮೇಲೆ ಪೆಂಡೇರ ಕೂಡಿಸಿದೆ. ಗಟ್ಟಿಯಾಗಿ ಕೂತಿತು. ಅದು ಘಲ್ ಅನ್ನದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದು, ಅಮ್ಮನವರನ್ನು ಹೆಜ್ಜೆ ಹೆಜ್ಜೆಯಾಗಿ ಪರದೆಯ ಹಿಂದಕ್ಕೆ ನಡೆಸಿದೆ.

ಖಾಲಿ ದಿಂಬಿನ ಗತಿ? ದೇವೇಂದ್ರಪ್ಪನವರು ಹೊರಗೆ ಹೋಗುವ ಮೊದಲು ಕೈ ಮುಗಿಯಲು ಬರುವವರು. ನಾನು ನೀರಿನ ಕೊಡದ ಕೆಳಗೆ ತಲೆಯ ಮೇಲಿಡುವ ನನ್ನ ಸಿಂಬೆಯನ್ನು ತಂದು ದಿಂಬಿನ ಮೇಲಿಟ್ಟು ರೇಷ್ಮೆ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಅವರು ಬಂದರು, ವಿಭೂತಿ ಹಚ್ಚಿಕೊಂಡು ನನ್ನ ಸಿಂಬೆಗೆ ಭಕ್ತಿಯಿಂದ ಉದ್ದಂಡ ನಮಸ್ಕಾರ ಹಾಕಿದರು. ನಾನು ನಗು ತಡೆಯಲಾರದೆ ಬಚ್ಚಲಿಗೆ ಓಡಿದೆ.

ಅಂಗಳ ತುಂಬಿತ್ತು. ಹಳ್ಳಿಗಳ ರೈತರು, ದೋಣಿಯವರು, ಮಕ್ತಲ್ಲಿನ ವ್ಯಾಪಾರಿಗಳು ಎಲ್ಲ ನೆಲದ ಮೇಲೆ ಕೂತಿದ್ದರು. ಸಾಹೇಬರಿಗೆ ಕುರ್ಚಿ. ಪಕ್ಕದಲ್ಲಿ ನಮ್ಮ ಪೇಶಕಾರ ಶರಣಯ್ಯ, ಉರ್ದು ಕನ್ನಡ ಎರಡೂ ಬಲ್ಲವರು. ಪರದೆಯ ಈಚೆ ಅಮ್ಮನವರು ಮಣೆಯ ಮೇಲೆ ಕೂತು ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡಿದ್ದರು. ನಾನು ನೆಲಕ್ಕೆ ಕೆನ್ನೆ ಹಚ್ಚಿ ಆ ಗೇಣು ಸಂದಿಯಲ್ಲಿ ನೋಡುತ್ತಿದ್ದೆ. ಹಾಗೆ ನೋಡಿದರೆ ಅಂಗಳವೆಲ್ಲ ಕಾಣುತ್ತಿತ್ತು.

ಜಮಖಾನದ ಮೇಲೆ ಪದ್ಮಾಸನ ಹಾಕಿ ಕೂತ ದೇವೇಂದ್ರಪ್ಪನವರು ಗಂಟಲು ಸರಿಮಾಡಿಕೊಂಡರು.

"ದೊರಸಾನಿಯವರ ಮಾತು ನಾ ಹೇಳತೀನ್ರಿ ಸಾಹೇಬ್ರ. ಅವರು ಅಂತಾರ, ನಾನು ಹೆಣ್ಣೆಂಗಸು, ನನಗ ರಾಜ್ಯದ ಗೊಡವಿ ಬ್ಯಾಡ."

ನಾನು ಅಮ್ಮನವರ ಸೀರೆ ಜಗ್ಗಿದೆ. ಅವರು ಅಲುಗಲಿಲ್ಲ.

"ಗಾದಿ ನಮ್ಮ ಭಾವನವರಿಗೆ ಹೋಗ್ಲಿ ಅಂತಾರ."

ಮತ್ತೆ ಜಗ್ಗಿದೆ. ಇಲ್ಲ. ಇವರಿಗೇನು ಕಿವುಡು ಬಂತೋ, ಧೈರ್ಯ ಸೋರಿಹೋಯಿತೋ. ಹಿತ್ತಲ ಕೋಣೆ ಕಣ್ಣಮುಂದೆ ಬಂದು ನಿಂತಿತು, ಅದರ ಕತ್ತಲೆ, ಅದರ ಇಲಿಗಳ ಸಮೇತ.

"ತನಗ ಹಿತ್ತಲ ಕ್ವಾಣಿ ಸಾಕು, ಇದಕ್ಕ ತನ್ನ ಪೂರಾ ಒಪ್ಪಿಗಿ ಐತಿ ಅಂತ..."

ಅಮ್ಮನವರು ಬಲಗಾಲನ್ನು ಮುಂದೆ ಚಾಚಿ, ಪರದೆಯ ಕೆಳಗೆ ಹೊಸ್ತಿಲ ಮೇಲೆ ಇಟ್ಟು, ಬಡಿದರು.

ಘಲ್!

ಅಂಗಳವೆಲ್ಲ ಎದ್ದಿತು! ರೈತರು ಎದ್ದರು, ದೋಣಿಯ ಭೀಮಯ್ಯ ಎದ್ದ, ಹಿರಿಯರು ಮೊಣಕಾಲು ಹಿಡಿದುಕೊಂಡು ಎದ್ದರು. ಎದ್ದು ಕೈ ಮುಗಿದರು. ಯಾಕೆ ಎದ್ದೆವು ಅಂತ ಯೋಚಿಸಲು ಯಾರಿಗೂ ಸಮಯ ಸಿಗಲಿಲ್ಲ. ಅವರೆಲ್ಲರಿಗಿಂತ ಮೊದಲು, ಪದ್ಮಾಸನ ಬಿಚ್ಚಿ, ಸ್ಪ್ರಿಂಗು ಚಿಮ್ಮಿದ ಹಾಗೆ ಎದ್ದು, ಪರದೆಯ ಕಡೆ ತಿರುಗಿ, ಎರಡೂ ಕೈ ಎದೆಗೆ ಹಚ್ಚಿ ತಲೆ ಬಾಗಿಸಿದವರು ಯಾರು? ದೇವೇಂದ್ರಪ್ಪನವರು! ಹುಟ್ಟಿದಾಗಿನಿಂದ ಎದ್ದ ಕಾಲು, ಅದಕ್ಕೇನು ಗೊತ್ತು ಇವತ್ತು ಏಳಬಾರದು ಅಂತ?

ಸಾಹೇಬರು ಬೆರಗಾಗಿ ಸುತ್ತ ನೋಡಿದರು. ಇಡೀ ಅಂಗಳದಲ್ಲಿ ಕೂತಿದ್ದವರು ಅವರೊಬ್ಬರೇ. ಶರಣಯ್ಯನವರು ಕೈ ಮುಗಿದುಕೊಂಡೇ ಉರ್ದುವಿನಲ್ಲಿ ವಿವರಿಸಿದರು. ಸಾಹೇಬರ ಕಣ್ಣು ಹೊಸ್ತಿಲಿಗೆ ಬಂತು. ಬಿಳಿ ಸೀರೆಯ ಅಂಚು, ಕೆಂಪು ಪಟ್ಟಿ, ಬೆಳ್ಳಿಯ ಪೆಂಡೇರ.

ಆಗ ದೇವೇಂದ್ರಪ್ಪನವರಿಗೆ ಎಚ್ಚರವಾಯಿತು.

"ನೋಡ್ರಿ, ಎಲ್ಲಾರೂ ನೋಡ್ರಿ! ಗಂಡ ಸತ್ತಾಕಿ ಒಡವಿ ಹಾಕ್ಯಾಳ! ಅದೂ ಗಂಡಪೆಂಡೇರ! ಮಾರಿ ತೋರಸಬಾರದು, ದನಿ ಕೇಳಸಬಾರದು ಅಂದ್ರ ಒಡವಿ ಕುಣಸ್ತಾಳ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಡವೆ ಅನ್ನುವ ಮಾತು ಕೆಟ್ಟದ್ದು. ಹಿರಿಯರು ಅದಕ್ಕೆ ಹೂಂ ಅಂದರೆ ಎಲ್ಲ ಮುಗಿಯಿತು. ಶರಣಯ್ಯನವರು ಆ ಮಾತನ್ನು ಸಾಹೇಬರಿಗೆ ಮುಟ್ಟಿಸಿದರು. ಸಾಹೇಬರು ಗಡ್ಡ ನೀವಿಕೊಂಡು, ದೇವೇಂದ್ರಪ್ಪನವರ ಕೈಗಳನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು.

"ಯೇ ಜೇವರ್ ಹೈ ತೋ ಆಪ್ ಕ್ಯೂಂ ಖಡೇ ಹುಯೇ?"

ಶರಣಯ್ಯನವರು ಅಂಗಳಕ್ಕೆಲ್ಲ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದರು.

"ಇದು ಬರೇ ಒಡವಿ ಆಗಿದ್ರ ನೀವ್ಯಾಕ ಎದ್ದು ನಿಂತ್ರಿ, ಅಂತಾರ."

ದೇವೇಂದ್ರಪ್ಪನವರು ತಮ್ಮ ಕೈಗಳನ್ನು ನೋಡಿಕೊಂಡರು. ಅವು ಇನ್ನೂ ಮುಗಿದೇ ಇದ್ದವು. ಬಿಡಿಸಿ ಬೆನ್ನ ಹಿಂದೆ ಇಟ್ಟುಕೊಂಡರು. ಮೊದಲು ಭೀಮಯ್ಯ ಕಿಸಕ್ಕೆಂದ, ಆಮೇಲೆ ಅಂಗಳವೇ ನಕ್ಕಿತು, ಹಿರಿಯರೂ ನಕ್ಕರು.

ಸಾಹೇಬರು ಪರದೆಯ ಕಡೆ ತಿರುಗಿದರು. ಭಾವನವರು ಹೇಳಿದ ಮಾತಿಗೆ ದೊರಸಾನಿಯವರ ಒಪ್ಪಿಗೆ ಇದ್ದರೆ ಸುಮ್ಮನಿರಲಿ, ಇಲ್ಲದಿದ್ದರೆ ಕಾಲು ಹೇಳಲಿ ಅಂದರು. ಅಮ್ಮನವರ ಕಾಲು ಹೇಳಿತು, ಹೊಸ್ತಿಲು ಅದುರುವ ಹಾಗೆ ಹೇಳಿತು. ಸಾಹೇಬರು ಕುರ್ಚಿಯಿಂದ ಎದ್ದು, ಪರದೆಗೆ ಆದಾಬ್ ಮಾಡಿ, ಕರಿಗುಡ್ಡದ ಗಾದಿ ಖಾಲಿ ಇಲ್ಲ ಅಂತ ಹೈದರಾಬಾದಿಗೆ ತಿಳಿಸುತ್ತೇನೆ ಅಂದರು. ನಗಾರಿ ಬಾರಿಸಲು ಯಾರೂ ಹೇಳಿರಲಿಲ್ಲ, ಆದರೂ ಯಾರೋ ಬಾರಿಸಿದರು. ನಾನು ಪರದೆಯ ಹಿಂದೆ ಅಮ್ಮನವರ ಕಾಲು ತಬ್ಬಿಕೊಂಡು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಸಾಹೇಬರ ಸವಾರಿ ಮಕ್ತಲ್ ದಾರಿ ಹಿಡಿದ ಮೇಲೆ ನೋಡಿದರೆ ಅಮ್ಮನವರ ಕಾಲು ಬಾತುಕೊಂಡಿತ್ತು. ಪೆಂಡೇರ ಬಿಚ್ಚಲು ಕೈ ಹಾಕಿದೆ.

"ಇರ್ಲಿ," ಅಂದರು.

"ನೋವಾಗತೈತ್ರಿ ಅಮ್ಮಾರೆ."

"ಆಗ್ಲಿ. ನಡಿ, ತೂಬು ನೋಡಿ ಬರೂಣು. ಹೊತ್ತು ಮುಳುಗಾಕ ಬಂತು."

ಹಿತ್ತಲ ಬಾಗಿಲಿನಿಂದ ಹೋದರೆ ಕೆರೆ ಹತ್ತಿರ. ಅಮ್ಮನವರು ಸೆರಗು ಮುಖಕ್ಕೆ ಎಳೆದುಕೊಂಡು ಪಡಸಾಲೆಯ ದಾರಿ ಹಿಡಿದರು. ಅಲ್ಲಿ ದೇವೇಂದ್ರಪ್ಪನವರು ಮುಖ ಊದಿಸಿಕೊಂಡು ಊಟಕ್ಕೆ ಕೂತಿದ್ದರು. ಜೋಳದ ರೊಟ್ಟಿ ಮುರಿದು ಪುಂಡಿಪಲ್ಯದಲ್ಲಿ ಅದ್ದಿ ಬಾಯಿಗೆ ಒಯ್ಯುತ್ತಿದ್ದರು.

ಘಲ್.

ತುತ್ತು ತಟ್ಟೆಗೆ ಬಿತ್ತು. ಅವರು ಎದ್ದು ನಿಂತಿದ್ದರು. ಎಂಜಲು ಕೈ ಮುಗಿಯಬೇಕೋ ಬೇಡವೋ ಅಂತ ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡಿದ್ದರು.

ಅಮ್ಮನವರು ನಿಂತರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಭಾವನವರ ಎದುರು ಅವರು ಬಾಯಿ ಬಿಟ್ಟದ್ದು ಅದೇ ಮೊದಲು.

"ಕೂಡ್ರಿ ಭಾವಾ," ಅಂದರು. "ಉಣ್ರಿ."

ದೇವೇಂದ್ರಪ್ಪನವರು ಕೂತರು.