ಅಳಿಯನ ನಿಜವಾದ ತೂಕ

ಹೇಗೆ ಶುರು ಮಾಡಲಿ? ನಮ್ಮಜ್ಜಿಯಾಗಿದ್ದರೆ ಏಳು ಸಮುದ್ರ ದಾಟಿಸಿಯೇ ಕಥೆಗೆ ಬರುತ್ತಿದ್ದಳು. ನನ್ನ ಕಥೆಯಲ್ಲಿ ಸಮುದ್ರವಿಲ್ಲ. ಎರಡು ಕಾರ್ಖಾನೆಗಳಿವೆ, ಎರಡೂ ಮುಳುಗುತ್ತಿವೆ. (ಸಮುದ್ರವಿಲ್ಲದೆ ಮುಳುಗೋದು ಹೇಗೆ ಅಂತ ನನ್ನನ್ನು ಕೇಳಬೇಡಿ. ಷೇರುದಾರರನ್ನು ಕೇಳಿ.)

೧.
ಎರಡೂ ಕಡೆ ಮನುಷ್ಯರ ತೂಕ ನೋಡುವ ಮಷೀನು ತಯಾರಾಗುತ್ತದೆ. ಒಂದರದ್ದು ಜಾಸ್ತಿ ತೋರಿಸುತ್ತದೆ, ಹಾಗಾಗಿ ಯಾರೂ ಕೊಳ್ಳುವುದಿಲ್ಲ. ಇನ್ನೊಂದರದ್ದು ಕಮ್ಮಿ ತೋರಿಸುತ್ತದೆ. ಅದನ್ನು ಎಲ್ಲರೂ ಕುಣಿಯುತ್ತಾ ಕೊಂಡರು, ಹಳೇ ಪ್ಯಾಂಟು ಏರಿಸಲು ಹೋಗಿ ಸೋತು ವಾಪಸ್ ತಂದರು. ಎಷ್ಟು ಜಾಸ್ತಿ, ಎಷ್ಟು ಕಮ್ಮಿ? ಮಷೀನಿಗೂ ಗೊತ್ತಿಲ್ಲ.

ಜಾಸ್ತಿ ಕಾರ್ಖಾನೆಯನ್ನು ಕಟ್ಟಿದ ಮಾವ ಈಗಿಲ್ಲ. ನಡೆಸುತ್ತಿರುವವನು ಅಳಿಯ. ಅರ್ಧಕ್ಕಿಂತ ಹೆಚ್ಚು ಷೇರು ಅತ್ತೆಯ ಹೆಸರಲ್ಲಿದೆ. ಇವತ್ತಿನ ಸಭೆಯಲ್ಲಿ ಅತ್ತೆ ಕೈ ಎತ್ತಿದರೆ ಎರಡೂ ಕಂಪನಿ ಒಂದಾಗುತ್ತವೆ. ಎತ್ತದಿದ್ದರೆ ನಾಳೆ ಗೇಟಿಗೆ ಬೀಗ.

೨. (ಹರಿದು ಹಾಕಿದ್ದು)
ವಿಲೀನ ಅಂದರೆ ಒಂದು ಮದುವೆಯಿದ್ದಂತೆ. ಎರಡು ಕಂಪನಿಗಳು ನಾಚುತ್ತಾ...

ಮುಂದಿನ ಸಾಲಿನಲ್ಲಿದ್ದ ಅತ್ತೆ ನನ್ನತ್ತ ತಿರುಗಿದರು. "ಏನಮ್ಮಾ, ಮದುವೆ ಗಿದುವೆ ಅಂತ ಹೋಲಿಸಿದ್ರೆ ನಾನು ಎದ್ದು ಹೋಗ್ತೀನಿ. ಮಗಳ ಮದುವೆ ಮಾಡಿ ಏನಾಯ್ತು ಅಂತ ಸ್ಟೇಜ್ ಮೇಲೇ ನಿಂತಿದೆಯಲ್ಲ, ನೋಡು."

ಸರಿ. ಹೋಲಿಕೆ ಕ್ಯಾನ್ಸಲ್.

೩.
ಸ್ಟೇಜ್ ಮೇಲಿದ್ದ ಅಳಿಯ ಬೆವರು ಒರೆಸಿಕೊಂಡು ಮೈಕಿನ ಹತ್ತಿರ ಬಾಯಿ ತಂದ. "ನಮ್ಮದು ಜಾಸ್ತಿ, ಅವರದ್ದು ಕಮ್ಮಿ. ಎರಡೂ ಸೇರಿದ್ರೆ ಸರಿಯಾದ ತೂಕ! ಇದಕ್ಕೇ ಸಿನರ್ಜಿ ಅನ್ನೋದು."

"ಅಳಿಯಂದ್ರೇ," ಅಂದರು ಅತ್ತೆ, "ನಂಗೆ ಬಲಗಿವಿ ಕೇಳ್ಸಲ್ಲ, ನಿಮ್ಮ ಮಾವನಿಗೆ ಎಡಗಿವಿ ಕೇಳ್ತಿರ್ಲಿಲ್ಲ. ಜೀವನಪೂರ್ತಿ ಜೊತೆಗಿದ್ವಿ. ಒಂದು ಮಾತಾದ್ರೂ ನೆಟ್ಟಗೆ ಕೇಳಿಸ್ತಾ?"

ಷೇರುದಾರರು ಚಪ್ಪಾಳೆ ತಟ್ಟಿದರು. (ಲಾಭವಂತೂ ಇಲ್ಲ, ಇದಕ್ಕಾದರೂ ತಟ್ಟಲಿ.)

"ತೋರಿಸ್ತೀನಿ ಇರಿ ಅತ್ತೆ!" ಅಳಿಯ ಬೂಟು ಬಿಚ್ಚಿದ. ಎರಡು ಮಷೀನು ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಂತ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಸಭೆಯನ್ನು ಇಣುಕಿ ನೋಡಿತು. "ಇಲ್ಲಿ ನಲವತ್ತೇಳು, ಅಲ್ಲಿ ಮೂವತ್ತೇಳು. ಒಟ್ಟು ಎಂಬತ್ನಾಲ್ಕು ಕಿಲೋ. ಕರೆಕ್ಟ್!"

"ಕರೆಕ್ಟ್ ಅಂತ ಯಾರು ಹೇಳಿದ್ದು? ನಿಮ್ಮ ನಿಜವಾದ ತೂಕ ಎಷ್ಟು?"

ಅಳಿಯ ಬಗ್ಗಿ ಎರಡೂ ಮಷೀನಿನ ಮುಳ್ಳನ್ನು ಮತ್ತೆ ನೋಡಿದ. ಊರಿನ ಆಸ್ಪತ್ರೆಯಲ್ಲೂ ಇರುವುದು ಇವೇ ಎರಡು ಕಂಪನಿ ದಾನ ಕೊಟ್ಟ ಮಷೀನು.

ಅತ್ತೆ ಮತ್ತೆ ನನ್ನತ್ತ ತಿರುಗಿದರು. "ನೀನು ಹೇಳಮ್ಮಾ. ಇವರನ್ನ ಹುಟ್ಟಿಸಿದ್ದು ನೀನೇ ತಾನೆ?"

ನಾನು ಬರೆದ ಹಾಳೆ ತಿರುವಿ ನೋಡಿದೆ. ಬೆವರು ಕೊಟ್ಟಿದ್ದೆ, ತೂತು ಕೊಟ್ಟಿದ್ದೆ. ತೂಕದ ಬಗ್ಗೆ ಯೋಚಿಸಿಯೇ ಇರಲಿಲ್ಲ.

"ತಂಗೀ," ಅಳಿಯ ಪಿಸುಗುಟ್ಟಿದ, "ಎಂಬತ್ನಾಲ್ಕು ಅಂತ ಬರೆದ್ಬಿಡು. ನಿಂಗೇನು ಹೋಗುತ್ತೆ? ಅಷ್ಟೂ ಜನರ ಕೆಲ್ಸ ಉಳಿಯುತ್ತೆ."

೪. ಮುಕ್ತಾಯಗಳು

ಅ) ಅಜ್ಜಿಯ ಶೈಲಿ: ಆಕಾಶದಿಂದ ಹೂಮಳೆ. (ಬರೆದೆ. ಹೂವೆಲ್ಲ ಮಷೀನಿನ ಮೇಲೇ ಬಿದ್ದು ತೂಕ ಎಂಬತ್ತೊಂಬತ್ತಾಯಿತು. "ಯಾರಾದ್ರೂ ಗುಡಿಸ್ರೀ!" ಅಂತ ಅಳಿಯ ಕಿರುಚಿದ. ಅಳಿಸಿದೆ.)

ಆ) ಎಂಬತ್ನಾಲ್ಕು ಅಂತಲೇ ಬರೆದೆ. "ಅವರು ಹೇಳಿಕೊಟ್ಟಿದ್ದನ್ನ ಬರೀತಿದ್ದೀಯಾ," ಅಂದರು ಅತ್ತೆ. "ಎಡಗಿವಿ ಚೆನ್ನಾಗೇ ಇದೆ ನಂಗೆ." ಅಳಿಸಿದೆ.

ಇ) ಬೀಗ. ಇದನ್ನು ಬರೆಯಲು ಕೈಯೇ ಬರಲಿಲ್ಲ. ಅಳಿಯನ ಮುಖ ನೀವೂ ನೋಡಬೇಕಿತ್ತು.

ಹಾಗಾಗಿ ಪೆನ್ನು ಕೆಳಗಿಟ್ಟೆ. ತೂಕ ನನಗೂ ಗೊತ್ತಿಲ್ಲ ಸ್ವಾಮಿ, ನೀವೇ ಏನಾದರೂ ಅಂದುಕೊಳ್ಳಿ.

ಆದರೆ ಅತ್ತೆ-ಅಳಿಯ ನಿಲ್ಲಿಸಲಿಲ್ಲ. ಅಳಿಯನ ಕಾಲು ನಡುಗತೊಡಗಿತ್ತು, ಮಷೀನುಗಳು ಒಂದೊಂದು ದಿಕ್ಕಿಗೆ ಜಾರುತ್ತಿದ್ದವು. ಅತ್ತೆ ದಡಬಡ ಸ್ಟೇಜ್ ಹತ್ತಿದರು. ಅವರ ಕೈ ಮೇಲೆ ಹೋಯಿತು. ಇಡೀ ಸಭೆ ಉಸಿರು ಹಿಡಿಯಿತು. ಆ ಕೈ ಅಳಿಯನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಅತ್ತೆ," ಅಂದ ಅಳಿಯ ಮೆಲ್ಲಗೆ, "ಅದು ವೋಟಾ?"

"ಸುಮ್ನೆ ನಿಂತ್ಕೊಳ್ಳಿ. ಮುಳ್ಳು ಅಲ್ಲಾಡ್ತಿದೆ."