ಮೇಲ್ಬದಿಯ ಜಾಗ

ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡು ಬಂದ ಮೇಲೆ ನನ್ನ ಗಂಡ ಲಿಂಡ್ಸೆ ಒಂದು ಘೋಷಣೆ ಹೊರಡಿಸಿದ. ಹೊಳೆ ದಾಟುವಾಗ ಮೇಲ್ಬದಿಯಲ್ಲಿ ನಿಲ್ಲಲಾಗದ ದಿನ ಚಾರಣದ ಬೂಟುಗಳನ್ನು ಯಾರಿಗಾದರೂ ಕೊಟ್ಟು ಮನೆಯಲ್ಲೇ ಕೂರುತ್ತಾನಂತೆ. ಮನೆಯಲ್ಲಿ ಕೂತ ಲಿಂಡ್ಸೆಯನ್ನು ಚಳಿಗಾಲವಿಡೀ ನೋಡಿದ್ದೇನೆ. ಬ್ರೆಡ್ ಎಷ್ಟು ಕೆಂಪಗೆ ಸುಡಬೇಕೆಂದು ನನಗೇ ಪಾಠ ಹೇಳಿದ. ದೇವರಾಣೆ, ಸಾಕಾಗಿಹೋಗಿದೆ.

ನಮ್ಮ ಕಡೆ ಹೊಳೆಯನ್ನು ಒಬ್ಬೊಬ್ಬರೇ ದಾಟುವುದಿಲ್ಲ. ಹರಿವಿನ ಉದ್ದಕ್ಕೆ ಸಾಲಾಗಿ ನಿಂತು, ಪಕ್ಕದವರ ಬೆನ್ನಚೀಲದ ಪಟ್ಟಿ ಹಿಡಿದು, ಎಲ್ಲರೂ ಒಟ್ಟಿಗೆ ಹೆಜ್ಜೆ ಇಡುತ್ತೇವೆ. ಗಟ್ಟಿಗರು ನೀರು ಬರುವ ಮೇಲ್ಬದಿಗೆ, ಕೈಲಾಗದವರು ನಡುವೆ. ಗಟ್ಟಿಗರು ಯಾರೆಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಮದುವೆಯಾದಾಗಿನಿಂದ ಲಿಂಡ್ಸೆಯೇ ಅಲ್ಲಿ ಹೋಗಿ ನಿಲ್ಲುತ್ತಿದ್ದ, ನಾನು ಅವನ ಪಟ್ಟಿ ಹಿಡಿದು ಗೊಣಗುತ್ತಿದ್ದೆ.

ಶನಿವಾರ ನನ್ನ ತಂಗಿ ಬೆರಿಲ್‌ಳನ್ನೂ ಕರೆದುಕೊಂಡು ಮಾಟಾಯಿ ಕಣಿವೆಗೆ ಹೋದೆವು. ಹೊಳೆಯಲ್ಲಿ ಪಾದ ಮುಳುಗುವಷ್ಟೇ ನೀರು. ಲಿಂಡ್ಸೆ ಅದಕ್ಕೂ ಮೇಲ್ಬದಿಯಲ್ಲಿ ನಿಂತು ದಾಟಿಸಿದ. ಬೀಚ್ ಮರಗಳ ಕಾಡಿನಲ್ಲಿ ಸಂಜೆಯವರೆಗೆ ನಡೆದು ಚಾರಣಿಗರ ತಂಗುಮನೆ ಸೇರಿದೆವು. ಸೇರಿದ್ದೇ ತಡ, ತಗಡಿನ ಮಾಡಿನ ಮೇಲೆ ಮಳೆ ಸುರಿಯಿತು. ಭಾನುವಾರ ಹೊಳೆಗೆ ಮರಳಿದಾಗ ಅದು ಕೆಂಪಗೆ ಉಬ್ಬಿತ್ತು. ನೀರಿನಂಚಿಗೆ ಗುರುತಿನ ಕಲ್ಲಿಟ್ಟು, ಹೊಳೆ ಇಳಿಯುವವರೆಗೂ ಚಹಾ ಕುಡಿಯುತ್ತ ಕೂತೆವು. ಕೊನೆಗೆ ತಳದ ಕಲ್ಲುಗಳು ಕಾಣಿಸಿದವು.

“ಈಗ ದಾಟಬಹುದು” ಎಂದು ಲಿಂಡ್ಸೆ ಎದ್ದ. ಎದ್ದ ಎನ್ನುವುದಕ್ಕಿಂತ, ಮರ ಹಿಡಿದು ಕಂತುಕಂತಾಗಿ ನೆಟ್ಟಗಾದ.

“ಅಕ್ಕಾ, ಭಾವ ಮೇಲ್ಗಡೆ ನಿಂತ್ರೆ ಮೂರೂ ಜನ ಸಮುದ್ರ ನೋಡ್ಕೊಂಡು ಬರ್ತೀವಿ” ಎಂದಳು ಬೆರಿಲ್.

“ಕೇಳಿಸ್ತು” ಎಂದ ಲಿಂಡ್ಸೆ.

“ಕೇಳಿಸ್ಲಿ ಅಂತಾನೇ ಹೇಳಿದ್ದು.”

ಬೆಳಗಿನಿಂದ ನಾನೂ ಬೈಗುಳ ಸಿದ್ಧ ಮಾಡಿಕೊಂಡಿದ್ದೆ. ಆದರೆ ಬೈದಷ್ಟೂ ಬಿಗಿಯುವ ಗಂಡಸು ಅವನು. ಸುಮ್ಮನೆ ನೀರಿಗಿಳಿದು ಮೇಲ್ಬದಿಯಲ್ಲಿ ನಿಂತುಬಿಟ್ಟೆ.

“ಅದು ನನ್ನ ಜಾಗ” ಎಂದ.

“ಗೊತ್ತು. ಬಂದು ಪಟ್ಟಿ ಹಿಡ್ಕೋ, ಕಾಲು ಮರಗಟ್ತಿದೆ.”

“ನೀನು ಯಾವತ್ತೂ ಅಲ್ಲಿ ನಿಂತಿಲ್ಲ.”

“ನೀನೂ ಯಾವತ್ತೂ ನಡುವೆ ನಿಂತಿಲ್ಲ. ಬಾ ಮಾರಾಯಾ, ಬೂಟಿನ ಮಾತು ಆಮೇಲೆ ಆಡೋಣ.”

ಅವನು ತನ್ನ ಬೂಟುಗಳನ್ನೇ ನೋಡುತ್ತ ನಿಂತ. ಹಟ ಹಿಡಿದರೆ ಮೂವರಿಗೂ ಅಪಾಯ, ಸೋತೆ ಅಂದುಕೊಂಡರೆ ಇದೇ ಅವನ ಕೊನೆಯ ಕಾಡು. ಆಮೇಲೆ ಅವನು ಬಂದು ನಡುವೆ ನಿಂತು ನನ್ನ ಪಟ್ಟಿ ಹಿಡಿದ, ಬೆರಿಲ್ ಅವನ ಕೆಳಬದಿಗೆ ಸೇರಿಕೊಂಡಳು.

ನೀರು ತೊಡೆಗೆ ಬಡಿಯಿತು. ಅಬ್ಬಾ! ಈ ಜಾಗ ಇಷ್ಟು ಕಷ್ಟ ಎಂದು ಇಷ್ಟು ವರ್ಷದಲ್ಲಿ ಒಂದು ಮಾತಾದರೂ ಹೇಳಬಾರದಿತ್ತೇ ಈ ಮನುಷ್ಯ? ನಡುಹೊಳೆಯಲ್ಲಿ ಅವನ ಕಾಲು ಜಾರಿತು. ಅವನ ಭಾರವೆಲ್ಲ ನನ್ನ ಭುಜಕ್ಕೆ ಬಂತು. ನಾನು ಹರಿವಿಗೆ ಎದೆಯೊಡ್ಡಿ ನಿಂತೆ, ಬೆರಿಲ್ ಕೆಳಗಿನಿಂದ ಶಾಪ ಹಾಕುತ್ತ ಒತ್ತಿ ಹಿಡಿದಳು. ಅವನು ಮತ್ತೆ ಕಾಲೂರಿದ.

ದಡ ಹತ್ತಿ ಕಲ್ಲಿನ ಮೇಲೆ ಕೂತೆವು. ಕಚ್ಚುವ ನೊಣಗಳು ಕಾದಿದ್ದವರಂತೆ ಮುತ್ತಿದವು.

“ಹಾಗಾದ್ರೆ ಬೂಟು ಯಾರಿಗೆ ಭಾವ?” ಎಂದಳು ಬೆರಿಲ್.

ಲಿಂಡ್ಸೆ ಒಂದು ಬೂಟು ಕಳಚಿ ನೀರು ಸುರಿದ.

“ಐಲ್ಸಾ, ನಡುವೆ ನಿಂತ್ರೆ ಅಷ್ಟೇನೂ ಸೆಳೆತಾನೇ ಇಲ್ವಲ್ಲೇ.”

“ಇಲ್ಲ” ಎಂದೆ.

“ನಿಂಗೆ ಗೊತ್ತಿತ್ತಾ?”

“ಮದುವೆಯಾದಾಗಿಂದ ಗೊತ್ತು.”

“ಒಂದಿನಾನೂ ಹೇಳ್ಲಿಲ್ಲ.”

“ಮೇಲ್ಗಡೆ ಹೇಗಿರತ್ತೆ ಅಂತ ನೀನು ಹೇಳಿದ್ಯಾ?”

ಅವನು ಒದ್ದೆ ಬೂಟನ್ನು ಮತ್ತೆ ಕಾಲಿಗೇರಿಸಿ ದಾರವನ್ನು ಬಿಗಿಯಾಗಿ ಕಟ್ಟಿದ.

“ಎಡಗಾಲು ಸೊಟ್ಟಗೆ ಇಡ್ತೀಯ” ಎಂದ. “ಮುಂದಿನ ವಾರ ದಾಟೋದ್ರೊಳಗೆ ತಿದ್ಕೋ.”